ಯಶೋದಾಬಾಯಿ ಕೇಳುವ ರೀತಿ

ಬಸವಕಲ್ಯಾಣದ ಯಶೋದಾಬಾಯಿ ಹಪ್ಪಳ ಮಾಡಿ ಮಾರುವ ಹೆಂಗಸು. ಆದರೆ ಬಳಗದಲ್ಲಿ ಹೆಣ್ಣು ಕೊಡುವ ಮಾತು ಬಂತೆಂದರೆ ಹುಡುಗನ ಮನೆ ನೋಡಿಬರಲು ಅವಳೇ ಆಗಬೇಕು. ಹೋಗುವಾಗ ರೊಟ್ಟಿ, ಶೇಂಗಾಹಿಂಡಿ ಎಂಬ ಚಟ್ನಿಪುಡಿ ಗಂಟು ಕಟ್ಟಿಕೊಂಡೇ ಹೋಗುತ್ತಾಳೆ. ಕೇಳುವುದನ್ನು ಕೇಳಿ ಮುಗಿಸುವ ತನಕ ಆ ಮನೆಯ ಚಹಾ ಕೂಡ ಮುಟ್ಟುವುದಿಲ್ಲ. ಉಪ್ಪು ತಿಂದ ಮೇಲೆ ಬಾಯಿ ಮೆತ್ತಗಾಗುತ್ತದಂತೆ.

ಹೋದ ವರ್ಷ ಹುಮನಾಬಾದಿನಲ್ಲಿರುವ ತಮ್ಮ ಸೂರ್ಯಕಾಂತನ ಮಗಳು ಕಾಜಲಳಿಗೆ ಸಂಬಂಧ ಬಂತು. ಹುಡುಗ ಮೋರಖಂಡಿಯ ನಾಗನಾಥ, ಪಂಪ್‌ಸೆಟ್ಟಿನ ಮೋಟರು ರಿಪೇರಿ ಮಾಡುವವನು. ಕಾಜಲಳಿಗೆ ಅವನು ಹಿಡಿಸಿದ್ದ. ಆದರೆ ಹಿಂದೆ ಬೇರೆ ಕಡೆ ಆಗಿದ್ದ ಅವನ ಮದುವೆಯ ನಿಶ್ಚಯವೊಂದು ಮುರಿದಿತ್ತು. ಸೂರ್ಯಕಾಂತ ಅಲ್ಲಿಯ ಹೋಟೆಲು, ಕಿರಾಣಿ ಅಂಗಡಿಗಳಲ್ಲಿ ಗುಟ್ಟಾಗಿ ಕೆದಕಿ ಬಂದ. ಹುಡುಗ ಕುಡಿಯುತ್ತಾನೆ, ಕೂಗಿದರೂ ತಿರುಗಿ ನೋಡುವುದಿಲ್ಲ ಎಂದು ಸಂಬಂಧ ಬಿಡಲು ನಿಂತ.

ಬಿ.ಎ. ಓದುತ್ತಿದ್ದ ಕಾಜಲ ಅತ್ತೆಯ ಮುಂದೆ ಸಂಕಟ ತೋಡಿಕೊಂಡಳು. ಇಂಗ್ಲಿಷಿನಲ್ಲಿ ಎನ್‌ಕ್ವಯರಿ ಎಂದರೆ ತಿಳಿದುಕೊಳ್ಳಲು ಕೇಳುವುದು, ಬಸ್‌ಸ್ಟ್ಯಾಂಡಿನಲ್ಲಿ ಕೇಳುವ ಹಾಗೆ. ಇನ್‌ಕ್ವಯರಿ ಎಂದರೆ ತಪ್ಪು ನಡೆದಿದೆಯೆಂದು ತನಿಖೆ ನಡೆಸುವುದು. ಅಪ್ಪ ಮಾಡಿದ್ದು ಎರಡನೆಯದು ಎಂದಳು. ಹಾಗಾದರೆ ಮೊದಲನೆಯದನ್ನು ನಾನು ಮಾಡಿ ಬರುತ್ತೇನೆಂದು ಯಶೋದಾಬಾಯಿ ಮರುದಿನವೇ ಬಸ್ಸು ಹತ್ತಿದಳು.

ಮೋರಖಂಡಿಯಲ್ಲಿ ಯಾರನ್ನೂ ಮಾತಾಡಿಸದೆ ನೆಟ್ಟಗೆ ನಾಗನಾಥನ ಅಂಗಡಿಗೆ ಹೋಗಿ ಎದುರಿಗೆ ಕುಳಿತಳು.

"ತಮ್ಮಾ, ನಾ ಕಾಜಲನ ಸೋದರತ್ತಿ. ಆ ಮೊದಲಿನ ನಿಶ್ಚಯ ಯಾಕ ಮುರೀತು? ನೀ ಕುಡೀತಿ ಏನು?"

ಅವನು ಕೈಯಲ್ಲಿದ್ದ ತಾಮ್ರದ ತಂತಿ ಕೆಳಗಿಟ್ಟ. "ಅವ್ವಾರ, ಊರ ಮಂದಿಗೆಲ್ಲಾ ಕೇಳ್ಯಾರ್ರಿ. ನನಗ ಯಾರೂ ಕೇಳಿದ್ದಿಲ್ಲ."

ಅವನು ಒಂದು ಹನಿಯೂ ಕುಡಿದವನಲ್ಲ. ಸಣ್ಣಂದಿನಲ್ಲಿ ಜ್ವರ ಬಂದು ಎಡಗಿವಿ ಹೋಗಿತ್ತು. ಆ ನಿಶ್ಚಯದ ದಿನ ಬೀಗರ ಹಿರಿಯರೊಬ್ಬರು ಎಡಗಡೆ ಕುಳಿತು ಮಾತಾಡಿಸಿದ್ದು ಅವನಿಗೆ ಕೇಳಲೇ ಇಲ್ಲ. ಸೊಕ್ಕಿನ ಹುಡುಗ ಎಂದು ಅವರು ಎದ್ದು ಹೋದರು. ಕುಡಿತದ ಮಾತನ್ನು ಊರು ತಾನಾಗಿಯೇ ಸೇರಿಸಿತು. ಕಿವುಡ ಎನಿಸಿಕೊಳ್ಳುವ ನಾಚಿಕೆಗೆ ಅವನೂ ಬಾಯಿ ಬಿಟ್ಟಿರಲಿಲ್ಲ. ಕೇಳುವುದು ಮುಗಿದಿತ್ತು; ಯಶೋದಾಬಾಯಿ ತಾನೇ ಚಹಾ ಕೇಳಿ ಕುಡಿದಳು. ಭಲೇ ಹೆಂಗಸು, ಒಂದೇ ಮಾತಿನಲ್ಲಿ ಊರಿನ ಬಾಯಿಗೆಲ್ಲ ಬೀಗ ಹಾಕಿದಳು.

ಸಂಜೆ ಹುಮನಾಬಾದಿನಲ್ಲಿ ಕಾಜಲಳ ಎದುರಿಗೇ ಎಲ್ಲವನ್ನೂ ಹೇಳಿದಳು. ಸೂರ್ಯಕಾಂತ ತಲೆ ಕೆರೆದುಕೊಂಡ. ಕುಡಿಯುವುದಿಲ್ಲ ಸರಿ, ಒಂದು ಕಿವಿ ಕೇಳಿಸದವನಿಗೆ ಹೆಣ್ಣು ಕೊಡುವುದು ಹೇಗೆ ಎಂದು ಅಕ್ಕನನ್ನು ಕೇಳಿದ. ನನ್ನನ್ನೇಕೆ ಕೇಳುತ್ತಿ, ಬಾಳುವವಳು ಇಲ್ಲೇ ಕುಳಿತಿದ್ದಾಳಲ್ಲ ಎಂದಳು ಯಶೋದಾಬಾಯಿ. ಅವನು ಆಗ ಮೊದಲ ಸಲ ಮಗಳ ಕಡೆ ತಿರುಗಿ, ನಿನ್ನ ಮನಸ್ಸಿನಲ್ಲಿ ಏನಿದೆ ಎಂದ.

"ಅಪ್ಪಾ, ನಾ ಅವರ ಬಲಗಡೆ ಕುಂದರ್ತೀನಿ," ಎಂದಳು ಕಾಜಲ.