ಆಚೆ ದಡ ಕಾಣದ ನೀರು

ವಿಮಾನ ಚೆನ್ನೈ ಬಿಟ್ಟು ಸ್ವಲ್ಪ ಹೊತ್ತಾಗಿತ್ತು. ಕಚೇರಿ ಕೆಲಸದ ಮೇಲೆ ಅಂಡಮಾನಿಗೆ ಹೊರಟಿದ್ದೆ. ಪಕ್ಕದ ಸೀಟಿನ ವಯಸ್ಸಾದ ಹೆಂಗಸು ಸೆರಗಿನ ಗಂಟು ಬಿಚ್ಚಿ ಒಂದು ನಿಂಬೆಹಣ್ಣು ತೆಗೆದರು. ಸಿಪ್ಪೆಯನ್ನು ಉಗುರಿನಿಂದ ಕೆರೆದು ಮೂಗಿಗೆ ಹಿಡಿದು ಕಣ್ಣು ಮುಚ್ಚಿದರು. ಆ ವಾಸನೆ ನನ್ನವರೆಗೂ ಬಂತು. ಹೊಸದುರ್ಗದಲ್ಲಿ ಪಕ್ಕದ ಮನೆಯಲ್ಲಿದ್ದ ಅಕ್ಕ ನೆನಪಾದರು.

ಆಗ ನಾನು ಜಿಲ್ಲಾ ಪತ್ರಿಕೆಯೊಂದಕ್ಕೆ ಹೊಸದುರ್ಗದಿಂದ ಸುದ್ದಿ ಕಳಿಸುತ್ತಿದ್ದೆ. ಒಂದು ಕೋಣೆಯ ಬಾಡಿಗೆ ಮನೆ. ಪಕ್ಕದ ಮನೆಯ ಅಕ್ಕ ಅಂಗನವಾಡಿ ಕಾರ್ಯಕರ್ತೆ. ಯಜಮಾನರು ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರು. ಅವರ ಮೂಲ ಊರು ಶ್ರೀರಾಂಪುರದ ಹತ್ತಿರ. ಅಲ್ಲಿ ಅವರ ಅಣ್ಣ ಕುರಿ ಸಾಕಿಕೊಂಡು, ಮನೆದೇವರ ಪೂಜೆಯನ್ನೂ ನೋಡಿಕೊಂಡು ಇದ್ದರು. ಅಕ್ಕನಿಗೆ ಅವರು ಭಾವ. ಅಕ್ಕ ಹಿತ್ತಲಿನ ಕನಕಾಂಬರವನ್ನು ಕಟ್ಟಿ ಪ್ರತಿ ಸೋಮವಾರ ಶ್ರೀರಾಂಪುರದ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಆ ದೇವರಿಗೆ ಕಳಿಸುತ್ತಿದ್ದರು.

ಅಕ್ಕನ ತವರು ಧರ್ಮಪುರದ ಕಡೆ. ಶೇಂಗಾ ಬೆಳೆಯುವ ಒಣನೆಲ. ಶಾಲೆಯಲ್ಲಿದ್ದಾಗ ಒಮ್ಮೆ ಮಾರಿಕಣಿವೆ ನೋಡಲು ಕರೆದುಕೊಂಡು ಹೋಗಿದ್ದರಂತೆ. ಅಣೆಕಟ್ಟೆಯ ಮೇಲೆ ನಿಂತು ಅಷ್ಟು ನೀರನ್ನು ಮೊದಲ ಸಲ ನೋಡಿದ್ದನ್ನು ಅವರು ಎಷ್ಟೋ ಸಲ ಹೇಳಿದ್ದರು. ಪ್ರತಿ ಸಲವೂ ಕೊನೆಗೆ ಒಂದೇ ದೂರು.

“ಆಚೆ ಗುಡ್ಡ ಕಂಡ್‌ಬಿಡ್ತು ಕಣಪ್ಪ. ಆಚೆ ದಡ ಕಾಣದಂಥ ನೀರು ಒಂದ್ಸಲ ನೋಡ್ಬೇಕು.”

ಚಿತ್ರದುರ್ಗದ ಟೂರಿನವನೊಬ್ಬ ವಿಮಾನದಲ್ಲಿ ಅಂಡಮಾನಿಗೆ ಕರೆದೊಯ್ಯುತ್ತಾನೆಂದು ತಿಳಿದದ್ದೇ, ಅಕ್ಕ ಎತ್ತಿದ ಚೀಟಿಯ ದುಡ್ಡಿನಲ್ಲಿ ಗಂಡ ಹೆಂಡತಿ ಇಬ್ಬರಿಗೂ ಸೀಟು ಹಿಡಿದರು. ತಾವೇ ಬಸ್ಸಿನಲ್ಲಿ ದುರ್ಗಕ್ಕೆ ಹೋಗಿ ಮಾತಾಡಿಕೊಂಡು ಬಂದರು. ಕಿಟಕಿ ಪಕ್ಕದ ಸೀಟು ಬೇಕೆಂದು ಕೇಳಿ ಗಟ್ಟಿ ಮಾಡಿಕೊಂಡಿದ್ದರು.

ಆಮೇಲೆ ಎರಡು ತಿಂಗಳು ನಮ್ಮ ಬೀದಿಗೆ ಬೇರೆ ಮಾತಿರಲಿಲ್ಲ. ನಮ್ಮಲ್ಲಿ ಯಾರೂ ವಿಮಾನ ಹತ್ತಿದವರಲ್ಲ. ಸಲಹೆ ಕೊಡುವುದಕ್ಕೆ ಅದು ಅಡ್ಡಿಯಾಗಲಿಲ್ಲ. ಕಿವಿಗೆ ಹತ್ತಿ, ಬಾಯಿಗೆ ಒಣ ನೆಲ್ಲಿಕಾಯಿ, ವಾಂತಿಗೆ ನಿಂಬೆಹಣ್ಣು ಎಂದು ತೀರ್ಮಾನವಾಯಿತು.

“ನಡುವೆ ಎಲ್ಲೂ ನಿಲ್ಸಲ್ವಾ?” ಎಂದು ಅಕ್ಕ ಕೇಳಿದರೆ ಯಜಮಾನರು, “ಲೇ, ಆಕಾಶದಾಗೆ ಏನ್ ಸಿರಾ ಬಸ್‌ಸ್ಟ್ಯಾಂಡ್ ಐತಾ ನಿಲ್ಸಾಕೆ?” ಎನ್ನುತ್ತಿದ್ದರು.

ಸಾಮಾನಿಗೆ ತೂಕದ ಮಿತಿ ಇದೆಯೆಂದು ಕೇಳಿ ಅಕ್ಕ ಬ್ಯಾಗು ಹೊತ್ತು ಕೊಬ್ಬರಿ ಮಂಡಿಗೆ ಹೋದರು. “ಏನಕ್ಕ, ಮಾಲು ತಂದ್ರಾ?” ಎಂದ ಮಂಡಿಯವನಿಗೆ, “ಹೂಂ ಕಣಪ್ಪ, ನಾಕು ಸೀರೆ, ಒಂದು ಡಬ್ಬಿ ಚಟ್ನಿಪುಡಿ. ತೂಗು” ಎಂದರಂತೆ. ಕೊಬ್ಬರಿ ಮೂಟೆಗಳ ನಡುವೆ ಅವರ ಬ್ಯಾಗು ತಕ್ಕಡಿ ಹತ್ತಿತು. ಅದನ್ನು ಹೇಳಿಕೊಂಡು ಅವರು ನಕ್ಕ ನಗು...

ಶ್ರೀರಾಂಪುರದ ಭಾವನಿಗೆ ಮಾತ್ರ ಇದು ಹಿಡಿಸಲಿಲ್ಲ. “ಕೈದಿಗಳ್ನ ಒಯ್ದು ಹಾಕ್ತಿದ್ದ ಜಾಗ ಅದು. ದುಡ್ಡು ಕೊಟ್ಟು ಹೋಗ್ತೀಯೇನಮ್ಮ?” ಎಂದರು. ಅಕ್ಕ ನಗುತ್ತಲೇ ಮಾತು ತೇಲಿಸಿದರು. ಆಗ ಭಾವ ಇನ್ನೊಂದು ಮಾತು ತೆಗೆದರು: ಸಮುದ್ರ ದಾಟುವ ಮುಂಚೆ ದೇವರ ಅಪ್ಪಣೆ ಬೇಕು.

ಆ ಕಡೆ ದೇವರನ್ನು ಹೂವಿನಿಂದ ಕೇಳುತ್ತಾರೆ. ಮೂರ್ತಿಗೆ ಒದ್ದೆ ಹೂ ಅಂಟಿಸಿ, ಹೆಸರು ಹೇಳಿ ಕಾಯುವುದು. ಬಲಗಡೆಯ ಹೂ ಬಿದ್ದರೆ ಅಪ್ಪಣೆ. ಎಡಗಡೆಯದು ಬಿದ್ದರೆ ಬೇಡ. ಅಕ್ಕ ಇದಕ್ಕೆ ಹಿಂದೆಮುಂದೆ ನೋಡಲಿಲ್ಲ. “ವಾರವಾರ ಹೂ ಕಳ್ಸೀನಿ, ನಂಗೆ ಬಲಗಡೆ ಕೊಡದೆ ಇನ್ಯಾರಿಗೆ ಕೊಡ್ತಾನೆ?” ಎಂದು ತಮ್ಮ ಹಿತ್ತಲಿನ ಹೂವನ್ನೇ ಬಿಡಿಸಿಕೊಂಡು ಹೋದರು.

ನಾನು ಅಲ್ಲಿರಲಿಲ್ಲ. ಅವರು ಹೇಳಿದ್ದನ್ನಷ್ಟೇ ಬರೆಯುತ್ತಿದ್ದೇನೆ. ಯಜಮಾನರ ಹೆಸರು ಹೇಳಿದ ಕೂಡಲೇ ಬಲಗಡೆ ಹೂ ಬಿತ್ತು. ಅಕ್ಕನ ಹೆಸರಿಗೆ ಯಾವ ಕಡೆಯದೂ ಬೀಳಲಿಲ್ಲ. ಮಧ್ಯಾಹ್ನದವರೆಗೆ ಕೂತರು. ಕೊನೆಗೆ ಭಾವ ಮಂಗಳಾರತಿ ಮಾಡಿ, “ಅಪ್ಪಣೆ ಆಗ್ಲಿಲ್ಲ ಕಣಮ್ಮ” ಎಂದು ಎದ್ದರು. ಯಜಮಾನರು ತಲೆ ಬಗ್ಗಿಸಿ ಕೂತಿದ್ದರಂತೆ. ಒಂದು ಸೀಟು ಹಾಳಾಗುವುದು ಬೇಡ, ತಾನೇ ತಮ್ಮನ ಜೊತೆ ಹೋಗುತ್ತೇನೆ ಎಂದು ಭಾವ ಅಲ್ಲೇ ಹೇಳಿದರು.

“ಅವರಿಗೂ ಹೂ ಕೇಳಿದ್ರಾ?” ಎಂದೆ.

“ಪೂಜೆ ಮಾಡೋರಿಗೆ ಕೇಳೋದೇನೈತಂತೆ?” ಎಂದರು ಅಕ್ಕ. ಆ ಹೊತ್ತಿಗೆ ಅವರು ಅಳುವುದನ್ನು ಮುಗಿಸಿದ್ದರು.

ನಮ್ಮ ಕಡೆ ಯಾತ್ರೆ ಬಸ್ಸಿಗೆ ಸೀಟು ಹಿಡಿದವರು ಹೋಗಲಾಗದಿದ್ದರೆ ಮನೆಯ ಇನ್ನೊಬ್ಬರು ಹೋಗಿ ಕೂರುತ್ತಾರೆ. ಸೀಟು ಮನೆಯದು. ವಿಮಾನವೂ ಹಾಗೇ ಎಂದು ಅಣ್ಣತಮ್ಮ ಇಬ್ಬರೂ ತಿಳಿದಿದ್ದರು. ನಾನೂ ಹಾಗೆಯೇ ತಿಳಿದಿದ್ದೆ. ಟೂರಿನವನಿಗೆ ಒಂದು ಮಾತು ಹೇಳಬೇಕೆಂದು ಯಾರಿಗೂ ಅನ್ನಿಸಲಿಲ್ಲ.

ಹೊರಡುವ ದಿನ ಅಕ್ಕ ರೊಟ್ಟಿ ಬಡಿದು ಕಟ್ಟಿದರು. ತಮ್ಮ ಸೀರೆಗಳನ್ನು ತೆಗೆದು, ಅದೇ ಬ್ಯಾಗಿನಲ್ಲಿ ಭಾವನ ಪಂಚೆಗಳನ್ನಿಟ್ಟರು. ಚಟ್ನಿಪುಡಿ, ಹತ್ತಿ, ಒಣ ನೆಲ್ಲಿಕಾಯಿ, ನಿಂಬೆಹಣ್ಣು ಇದ್ದಲ್ಲೇ ಇದ್ದವು. ಬಸ್‌ಸ್ಟ್ಯಾಂಡಿನವರೆಗೂ ಹೋಗಿ, “ಹುಷಾರಾಗಿ ಹೋಗಿ ಬರ್ರಿ” ಎಂದು ಇಬ್ಬರನ್ನೂ ಹತ್ತಿಸಿ ಬಂದರು.

ಮಾರನೆಯ ದಿನ ಸಂಜೆ ನಾನು ಅವರ ಜಗಲಿಯಲ್ಲಿ ಕೂತಿದ್ದೆ. ಭಾವ ಒಬ್ಬರೇ ಬ್ಯಾಗು ಹಿಡಿದು ಬಂದರು. ಹೊಸ ಪಂಚೆ ಮುದ್ದೆಯಾಗಿತ್ತು.

“ಬಾಗಿಲಾಗೇ ನಿಲ್ಸಿದ್ರು ಕಣಮ್ಮ. ಟಿಕೆಟ್ಟಿನಾಗಿರೋ ಹೆಸರು ನಿಂದಲ್ಲ ಅಂದ್ರು. ಬಸ್ಸಿನಾಗೆ ಯಾರನ್ನ ಹೆಸರು ಕೇಳ್ತಾರೆ? ತಮ್ಮನಾದ್ರೂ ನನ್ ಜೊತೆ ವಾಪಸ್ ಬಂದಾನಾ ಅಂದ್ರೆ, ಅವ್ನು ಒಳಗ್ ಹೋಗೇಬಿಟ್ಟ.”

“ಕುಂತ್ಕಳ್ರಿ ಭಾವ, ದಣಿದೀರ” ಎಂದರು ಅಕ್ಕ. ಬ್ಯಾಗು ಬಿಚ್ಚಿ, ತಮಗೆಂದು ಇಟ್ಟುಕೊಂಡಿದ್ದ ನಿಂಬೆಹಣ್ಣನ್ನೇ ತೆಗೆದು ಹಿಂಡಿ, ಬೆಲ್ಲದ ಪಾನಕ ಮಾಡಿ ಕೊಟ್ಟರು. ಭಾವ ಒಂದೇ ಗುಟುಕಿಗೆ ಕುಡಿದು, ಶ್ರೀರಾಂಪುರದ ಬಸ್ಸು ಹಿಡಿಯಲು ಎದ್ದರು.

ಅವರು ಬೀದಿ ತಿರುಗಿದ ಮೇಲೆ ಅಕ್ಕ ಲೋಟ ತೊಳೆಯುತ್ತಾ, ನನ್ನ ಕಡೆ ನೋಡದೆ ಹೇಳಿದರು. “ನಂಗೊತ್ತಿತ್ತು. ಸೀಟು ಹಿಡಿಯಾಕೆ ಹೋದಾಗ ಆ ಆಫೀಸಿನ ಹುಡ್ಗಿ ಹೇಳಿದ್ಲು, ಹೆಸರಿದ್ದೋರೇ ಬರ್ಬೇಕಕ್ಕ, ಬ್ಯಾರೆಯವ್ರನ್ನ ಹತ್ತಿಸಲ್ಲ ಅಂತ.”

“ಮತ್ತೆ ಹೇಳ್ಲಿಲ್ವಲ್ಲಕ್ಕ?”

“ದೇವ್ರನ್ನ ಕೇಳಿದ್ರು. ನನ್ನ ಯಾರು ಕೇಳಿದ್ರು?”

ಅದರಲ್ಲಿ ಗೆಲುವಿನ ದನಿ ಇರಲಿಲ್ಲ. ಅವರು ಕಾದಿರಿಸಿದ್ದ ಕಿಟಕಿ ಸೀಟು ಆ ಹೊತ್ತಿಗೆ ಖಾಲಿಯಾಗಿಯೇ ಸಮುದ್ರ ದಾಟಿತ್ತು. ಅದು ಅವರಿಗೂ ಗೊತ್ತಿತ್ತು.

ಯಜಮಾನರು ವಾರದ ಮೇಲೆ ಬಂದರು. ಮೈ ಕಪ್ಪಾಗಿತ್ತು. ಬೀದಿಯವರೆಲ್ಲ ಸುತ್ತ ಸೇರಿದಾಗ ಊಟದ ಬಗ್ಗೆ, ಸೆಕೆಯ ಬಗ್ಗೆ, ಹಳೆಯ ಜೈಲಿನ ಬಗ್ಗೆ ಹೇಳಿದರು. ಅಕ್ಕ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದರು. ಎಲ್ಲರ ಪ್ರಶ್ನೆಗಳೂ ಮುಗಿದ ಮೇಲೆ ಒಂದೇ ಕೇಳಿದರು: “ಆಚೆ ದಡ ಕಾಣ್ತಿತ್ತಾ?”

“ಯಾವ ದಡ?”

“ಸಮುದ್ರದ್ದು.”

“ಅಯ್ಯೋ, ನೀರೇ ನೀರು ಕಣೆ, ಸಾಕಾಗೋತು. ದಡ ಗಿಡ ಯಾರು ನೋಡ್ತಾರೆ? ಮುಂದಿನ್ಸಲ ಹೋಗಾಣ ಬಿಡು.”

ಅಕ್ಕ ಒಳಗೆ ಹೋದರು. ಮುಂದಿನ ಸೋಮವಾರ ಶ್ರೀರಾಂಪುರದ ಬಸ್ಸಿಗೆ ಹೂ ಹೋಗಲಿಲ್ಲ. ಅದರ ಮುಂದಿನ ಸೋಮವಾರವೂ ಇಲ್ಲ. ಕನಕಾಂಬರ ಗಿಡದಲ್ಲೇ ಅರಳಿ ಗಿಡದಲ್ಲೇ ಒಣಗುವುದನ್ನು ನಾನು ಕಿಟಕಿಯಿಂದ ನೋಡುತ್ತಿದ್ದೆ. ಆ ಮನೆಯಲ್ಲಿ ಅಂಡಮಾನಿನ ಮಾತು ಮತ್ತೆ ಬಂದದ್ದು ನನಗೆ ನೆನಪಿಲ್ಲ...

ನಾನು ಬೆಂಗಳೂರಿನ ಪತ್ರಿಕೆಯೊಂದರ ಕಚೇರಿಗೆ ಬಂದೆ. ಕೆಲವು ವರ್ಷಗಳ ನಂತರ ಜಿಲ್ಲೆಯ ಪುಟ ತಿದ್ದುವಾಗ ನಿಧನ ವಾರ್ತೆಯಲ್ಲಿ ಅಕ್ಕನ ಹೆಸರು ಸಿಕ್ಕಿತು. ನಿವೃತ್ತ ಅಂಗನವಾಡಿ ಕಾರ್ಯಕರ್ತೆ, ಪತಿ ಇದ್ದಾರೆ. ಆ ಎರಡು ಸಾಲಿನಲ್ಲಿ ತಿದ್ದಬೇಕಾದ್ದು ಏನೂ ಇರಲಿಲ್ಲ. ಪುಟವನ್ನು ಅಚ್ಚಿಗೆ ಬಿಟ್ಟೆ.

ಪಕ್ಕದ ಹೆಂಗಸು ನಿಂಬೆಹಣ್ಣನ್ನು ಮತ್ತೆ ಗಂಟಿನಲ್ಲಿ ಕಟ್ಟಿಕೊಂಡು ನಿದ್ದೆ ಹೋಗಿದ್ದರು. ಕಿಟಕಿ ನನ್ನ ಕಡೆ ಇತ್ತು. ಹಣೆ ಗಾಜಿಗೆ ಒತ್ತಿ ನೋಡಿದೆ. ಮೋಡ ಸರಿದು ಕೆಳಗೆ ನೀರು ಕಂಡಿತು. ಕಣ್ಣು ಹೋಗುವಷ್ಟು ದೂರ ನೋಡಿದೆ. ವಿಮಾನ ಇಳಿಯುತ್ತದೆಂದು ಹೇಳುವವರೆಗೂ ನೋಡಿದೆ.

ದಡ ಕಾಣಲಿಲ್ಲ. ಅದನ್ನು ಕೇಳಬೇಕಾಗಿದ್ದವರು ಒಬ್ಬರೇ ಇದ್ದರು.