ವಾಸುಕಿಯ ಸೂತಕ

ಚಿಕ್ಕರಸಿನಕೆರೆಯಲ್ಲಿ ನಾಗಮ್ಮ, ನಾಗರತ್ನ, ನಾಗವೇಣಿ ಬೇಕಾದಷ್ಟು ಜನ ಇದ್ದಾರೆ. ವಾಸುಕಿ ಮಾತ್ರ ಒಬ್ಬಳೇ. ದುದ್ದದ ಕಡೆಯ ಹೆಣ್ಣು. ಅವಳ ಅವ್ವನಿಗೆ ಹುಟ್ಟಿದ ಮಕ್ಕಳು ನಿಲ್ಲದೆ ನಾಗರಕಲ್ಲಿಗೆ ಹರಕೆ ಹೊತ್ತಿದ್ದಳಂತೆ. ಕೂಸು ಉಳಿದ ಮೇಲೆ ಊರಿನ ಐನೋರು, ನಾಗಮ್ಮ ಅಂತ ಎಲ್ಲರೂ ಇಡುತ್ತಾರೆ, ಶಿವನ ಕೊರಳಲ್ಲಿರುವವನ ಹೆಸರೇ ಇರಲಿ ಅಂದರಂತೆ. ಗಂಡು ಹಾವಿನ ಹೆಸರನ್ನು ಹೆಣ್ಣು ಕೂಸಿಗೆ ಕಟ್ಟಿ, ಎಲೆ ಅಡಿಕೆ ಹಾಕಿಕೊಂಡು ಹೋದ ಪುಣ್ಯಾತ್ಮ. ಅನುಭವಿಸುವವಳು ಇವಳು.

ಗಂಡ ಸಿದ್ದರಾಜು ಗೂಡ್ಸ್ ಆಟೋದಲ್ಲಿ ಮದ್ದೂರಿನ ಮಾರುಕಟ್ಟೆಗೆ ಎಳನೀರು ಹೊಡೆಯುತ್ತಾನೆ. ಕೆಟ್ಟವನಲ್ಲ. ಆದರೆ ಅವ್ವ ಪಟ್ಟಲಮ್ಮ ಎದುರಿಗೆ ನಿಂತರೆ ಅವನ ನಾಲಿಗೆ ಬಿದ್ದುಹೋಗುತ್ತದೆ. ಮನೆಯ ಹಿತ್ತಲಲ್ಲಿ ಆಳೆತ್ತರದ ಒಂದು ಹುತ್ತ. ಕೆಲವು ವರ್ಷದ ಹಿಂದೆ ಷಷ್ಠಿಯ ದಿನ ಆ ಹುತ್ತಕ್ಕೆ ಹಾಲೆರೆಯುವಾಗ ವಾಸುಕಿಗೆ ಕಣ್ಣು ಕತ್ತಲೆ ಬಂತು. ಬೆಳಗಿನಿಂದ ತೊಟ್ಟು ನೀರೂ ಕುಡಿದಿರಲಿಲ್ಲ, ತೂರಾಡಿದಳು, ಅಷ್ಟೇ. ಪಟ್ಟಲಮ್ಮ ಬಾಯಿ ಬಡಿದುಕೊಂಡು ಕೂಗಿದಳು:

"ಬಂತು ಕಣ್ರಲಾ, ದ್ಯಾವ್ರು ಬಂತು! ಹೆಸ್ರೇ ವಾಸುಕಿ, ಬರ್ದೆ ಇದ್ದಾತಾ?"

ತೂರಾಡುವಾಗ ವಾಸುಕಿಯ ಕೈ ಯಾವ ದಿಕ್ಕಿಗೆ ಚಾಚಿತ್ತೋ ಆ ದಿಕ್ಕಿನ ಕಬ್ಬಿನ ಗದ್ದೆಯಲ್ಲೇ ಪಕ್ಕದ ಮನೆ ಮಂಚಮ್ಮನ ಕಳೆದುಹೋದ ಹಸು ಸಿಕ್ಕಿತು. ಆ ಹಾಳು ಹಸು ಬೇರೆ ಕಡೆಗೆ ಮೇಯಲು ಹೋಗಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ಅಲ್ಲಿಂದ ಪ್ರತಿ ಶುಕ್ರವಾರ ವಾಸುಕಿ ಹುತ್ತದ ಮುಂದೆ ಮಣೆಯ ಮೇಲೆ ಕೂರಬೇಕು. ಮದುವೆ ಯಾವಾಗ, ಬೋರಲ್ಲಿ ನೀರು ಬರುತ್ತಾ, ಮಗ ಪಾಸಾಗುತ್ತಾನಾ, ಎಲ್ಲದಕ್ಕೂ ಇವಳೇ ಹೇಳಬೇಕು. ಮೈಮೇಲೆ ಬರುವುದು ನಿಜವಾ ಅಂದರೆ ಅವಳಿಗೂ ಗೊತ್ತಿರಲಿಲ್ಲ. ಉಪವಾಸ ಕೂರಿಸಿ, ಮುಖಕ್ಕೆ ಸಾಂಬ್ರಾಣಿ ಹೊಗೆ ಹಿಡಿದು, ಕಿವಿಯ ಹತ್ತಿರ ತಮಟೆ ಬಡಿದರೆ ಯಾರಿಗಾದರೂ ತಲೆ ತಿರುಗುತ್ತದೆ. ತಿರುಗಿದಾಗ ಬಾಯಿಗೆ ಬಂದದ್ದನ್ನು ಅನ್ನುತ್ತಿದ್ದಳು. ಎದ್ದ ಮೇಲೆ ಏನಂದೆ ಅಂತ ನೆನಪಿರುತ್ತಿರಲಿಲ್ಲ.

ಶುಕ್ರವಾರ ಒಂದೇ ಆಗಿದ್ದರೆ ಹಾಳಾಗಿ ಹೋಗಲಿ ಅನ್ನಬಹುದಿತ್ತು. ದೇವರು ಬರುವ ಮೈಗೆ ಕಟ್ಟಳೆ ನೂರೆಂಟು. ಇನ್ನೊಬ್ಬರ ಮನೆಯಲ್ಲಿ ಉಣ್ಣಬಾರದು, ತವರಲ್ಲಿ ರಾತ್ರಿ ಉಳಿಯಬಾರದು, ಬಾಡು ಮುಟ್ಟಬಾರದು. ಮಂಡ್ಯ ಸೀಮೆಯಲ್ಲಿ ಹುಟ್ಟಿದವರಿಗೆ ಬಾಡು ತಿನ್ನಬೇಡ ಅಂದರೆ ಅದು ಜೈಲಲ್ಲದೆ ಇನ್ನೇನು? ಅದನ್ನೂ ಸಹಿಸಿದಳು. ಸಹಿಸಲಾಗದೆ ಹೋದದ್ದು ಸೂಜಿಯ ವಿಷಯ. ಹಾವಿನ ಹಬ್ಬದ ದಿನ ಊರಲ್ಲಿ ಯಾರೂ ನೆಲ ಅಗೆಯುವುದಿಲ್ಲ, ಸೂಜಿ ಹಿಡಿಯುವುದಿಲ್ಲ, ಹುತ್ತದೊಳಗಿನವನಿಗೆ ಚುಚ್ಚುತ್ತದೆ ಅಂತ. ಒಂದು ದಿನದ ಆ ಕಟ್ಟಳೆಯನ್ನು ಪಟ್ಟಲಮ್ಮ ಸೊಸೆಗೆ ವರ್ಷಪೂರ್ತಿ ಮಾಡಿದಳು. ವಾಸುಕಿಯ ಹೊಲಿಗೆ ಮಿಷನ್ ಅಟ್ಟ ಸೇರಿತು.

ಅವಳ ಕೈಯ ರವಿಕೆ ತೊಟ್ಟವರು ಬೇರೆಯವರ ಹತ್ತಿರ ಅಳತೆ ಕೊಡುತ್ತಿರಲಿಲ್ಲ. ಜೊತೆಗೆ ಹೊಲಿಗೆ ಕಲಿತಿದ್ದ ಸಿದ್ದೀಕಾ ಮದ್ದೂರಲ್ಲಿ ಅಂಗಡಿ ಇಟ್ಟಿದ್ದಳು. ಆಗಾಗ ಫೋನು ಮಾಡಿ, "ಒಂದು ಮಿಷನ್ ನಿನಗೇ ಅಂತ ಬುಟ್ಟಿವ್ನಿ ಕಣೇ, ಬಾ" ಅನ್ನುತ್ತಿದ್ದಳು. ವಾಸುಕಿ ಬೇರೇನೂ ಕೇಳಲಿಲ್ಲ. ಬೆಳಿಗ್ಗೆ ಬಸ್ಸು ಹತ್ತಬೇಕು, ಸಂಜೆಯವರೆಗೆ ಹೊಲಿಯಬೇಕು, ನಾಲ್ಕು ಜನರ ಹಾಗೆ ಮನೆಗೆ ಬರಬೇಕು. ಅಷ್ಟಕ್ಕೇ ಅವಳ ಜೀವ ಬಾಯಿ ಬಿಡುತ್ತಿತ್ತು.

ಹೀಗಿರುವಾಗ ಒಂದು ದಿನ ಏಳನೇ ಕ್ಲಾಸಿನ ಮಗಳು ರಂಜಿತ ಮೊಬೈಲು ಹಿಡಿದು ಅಡಿಗೆ ಮನೆಗೆ ಓಡಿ ಬಂದಳು.

"ಅವ್ವಾ, ಆವಿಗೆ ನಿನ್ ಹೆಸ್ರಿಟ್ಟವ್ರೆ ನೋಡು!"

ಗುಜರಾತಿನ ಕಛ್‌ನಲ್ಲಿ, ಕಲ್ಲಿದ್ದಲಿನ ಗಣಿಯಲ್ಲಿ, ದೊಡ್ಡ ದೊಡ್ಡ ಬೆನ್ನುಮೂಳೆಗಳು ಸಿಕ್ಕಿದ್ದವು. ಮೊದಲು ಮೊಸಳೆಯದು ಅಂದುಕೊಂಡಿದ್ದರಂತೆ. ಆಮೇಲೆ ನೋಡಿದರೆ ಹಾವು. ಸುಮಾರು ನಾಲ್ಕು ಕೋಟಿ ಎಪ್ಪತ್ತು ಲಕ್ಷ ವರ್ಷದ ಹಿಂದಿನದು, ಬಸ್ಸಿಗಿಂತ ಉದ್ದ ಇದ್ದಿರಬಹುದು. ವಿಜ್ಞಾನಿಗಳು ಅದಕ್ಕೆ ವಾಸುಕಿ ಇಂಡಿಕಸ್ ಅಂತ ಹೆಸರಿಟ್ಟಿದ್ದರು.

"ಇಂಡಿಕಸ್ ಅಂದ್ರೆ ಇಂಡಿಯಾದ್ದು ಅಂತ. ಇದೇ ತರ ಬೇರೆ ದೇಸ್ದಲ್ಲೂ ಇದ್ವಂತೆ ಕಣವ್ವ. ಒಂದು ಟೈಟನೊಬೋವಾ, ಅಂದ್ರೆ ರಾಕ್ಸಸನಂಥಾ ಎಬ್ಬಾವು. ಈಜಿಪ್ಟಿಂದು ಗೈಗ್ಯಾಂಟೋಫಿಸ್, ಅದುಕ್ಕೂ ದೈತ್ಯ ಆವು ಅಂತ್ಲೇ ಅರ್ಥ. ಆಸ್ಟ್ರೇಲಿಯಾದ್ದು ವೊನಾಂಬಿ. ಅದು ಅಲ್ಲಿನ್ ಜನುದ್ ಕತೆಲಿ ಬರೋ ಆವಿನ್ ದೇವ್ರ ಹೆಸ್ರಂತೆ."

"ಅಲ್ಲೂವೇ ದ್ಯಾವ್ರಾ?" ವಾಸುಕಿಯ ಕೈಯಲ್ಲಿದ್ದ ಮುದ್ದೆಕೋಲು ನಿಂತಿತು. "ಅಲ್ಲೂ ಯಾವ್ದಾದ್ರೂ ಎಂಗ್ಸುನ್ನ ಮಣೆ ಮೇಲೆ ಕೂರ್ಸವ್ರಾ?"

ರಂಜಿತ ಕಿಸಕ್ಕನೆ ನಕ್ಕಳು. ಬಾಗಿಲಲ್ಲಿ ನಿಂತು ಕೇಳುತ್ತಿದ್ದ ಪಟ್ಟಲಮ್ಮ ನಗಲಿಲ್ಲ, ಮೊಬೈಲು ಈಸಿಕೊಂಡು ಕಣ್ಣಿಗೊತ್ತಿಕೊಂಡಳು. ಸಂಜೆಯೊಳಗೆ ಬೀದಿಗೆಲ್ಲ ಸಾರಿ ಬಂದಳು: "ನಮ್ ವಾಸುಕಿ ಮೂಳೆ ಸಿಕ್ಕದೆ ಕಣ್ರವ್ವ. ವಿಜ್ಞಾನಿಗಳೇ ದಿಟ ಅಂತ ಒಪ್ಪವ್ರೆ. ಇನ್ನೇನ್ ಬೇಕು?" ಮುಂದಿನ ಶುಕ್ರವಾರ ಹಿತ್ತಲು ಹಿಡಿಸದಷ್ಟು ಜನ. ಮಳವಳ್ಳಿಯಿಂದ ಕಾರು ಬಂತು, ಮಂಡ್ಯದ ಗುತ್ತಲಿನಿಂದ ಆಟೋ ಬಂತು. ಇನ್ನು ಸೋಮವಾರವೂ ಕೂರಬೇಕು ಅಂತ ಅತ್ತೆ ತೀರ್ಮಾನ ಮಾಡಿದಳು. ಅಂದು ಮಣೆಯಿಂದ ಎದ್ದ ವಾಸುಕಿ, ಈ ಹುತ್ತ ನನ್ನನ್ನು ಹೂತೇ ಬಿಡುತ್ತದೆ ಅಂತ ಬಚ್ಚಲಲ್ಲಿ ಕೂತು ಅತ್ತಳು.

ಅಳುತ್ತಲೇ ಅವಳಿಗೆ ಒಂದು ಹೊಳೆಯಿತು. ಹಿಂದಿನ ಬೇಸಿಗೆಯಲ್ಲಿ ಮಂಚಮ್ಮನ ಗದ್ದೆಯಲ್ಲಿ ಜೆಸಿಬಿಗೆ ಸಿಕ್ಕಿ ಒಂದು ನಾಗರಹಾವು ಸತ್ತಿತ್ತು. ನಾಗರಹಾವು ಸತ್ತರೆ ಮನುಷ್ಯರು ಸತ್ತ ಹಾಗೆಯೇ: ತಾಮ್ರದ ಕಾಸಿಟ್ಟು ಸುಡಬೇಕು, ಹಾಲುತುಪ್ಪ ಬಿಡಬೇಕು, ಅಲ್ಲಿಯವರೆಗೆ ಸೂತಕ. ಆಗ ಬಂದ ಭಕ್ತರನ್ನೆಲ್ಲ ವಾಪಸು ಅಟ್ಟಿದವಳು ಪಟ್ಟಲಮ್ಮನೇ. ಸೂತಕದ ಮೈಗೆ ದೇವರು ಬರುವುದಿಲ್ಲ ಅಂದಿದ್ದಳು.

ಸೋಮವಾರ ಜನ ಸೇರಿದರು. ವಾಸುಕಿ ಮಣೆಯ ಹತ್ತಿರವೂ ಹೋಗದೆ ಬಾಗಿಲಲ್ಲಿ ನಿಂತು ಅಂದಳು:

"ನಂಗೆ ಸೂತಕ."

"ಯಾರವ್ವ ಸತ್ತೋರು?" ಊರ ಹಿರಿಯ, ಸಾವು ಸೂತಕದ ಲೆಕ್ಕವೆಲ್ಲ ಹೇಳುವ ಚಿಕ್ಕಬೋರಯ್ಯ ಕೇಳಿದ.

"ವಾಸುಕಿ ಸತ್ತದೆ. ಅತ್ತೇನೇ ಅಂದವ್ರೆ, ಮೂಳೆ ಸಿಕ್ಕದೆ, ದಿಟ ಅಂತ. ಅದುಕ್ಕೆ ಯಾರ್ ಬೆಂಕಿ ಇಟ್ರು? ಯಾರ್ ಹಾಲುತುಪ್ಪ ಬುಟ್ರು? ಆ ಹೆಸರ್ನೋಳು ನಾನು. ಅದರ್ ಸೂತಕ ನಂದು."

ಎಲ್ಲರೂ ಪಟ್ಟಲಮ್ಮನ ಮುಖ ನೋಡಿದರು. ಸುಳ್ಳು ಅಂದರೆ ಆಯಮ್ಮ ತಾನೇ ಸಾರಿದ್ದು ಸುಳ್ಳಾಗುತ್ತದೆ. ಚಿಕ್ಕಬೋರಯ್ಯ ಗಡ್ಡ ಕೆರೆದುಕೊಂಡ. "ಅದೂ ಸರೀನೆ ಅನ್ನು. ಮೂಳೆ ನಮ್ ಕೈಗೆ ಬರಾಗಂಟ ಸೂತಕ ಕಳಿಯಕಿಲ್ಲ." ಮೂಳೆ ಇರುವುದು ವಿಜ್ಞಾನಿಗಳ ಕೈಯಲ್ಲಿ, ಸುಡಲು ಅವರೇನು ಕೊಡುತ್ತಾರಾ? ಜನ ಚಪ್ಪಲಿ ಹುಡುಕಿಕೊಂಡು ಹೊರಟರು. ದೇವರು ಬಾರದ ಮೈಗೆ ಯಾವ ಕಟ್ಟಳೆ? ಮಾರನೆಯ ಬೆಳಿಗ್ಗೆ ವಾಸುಕಿ ಮದ್ದೂರಿನ ಬಸ್ಸು ಹತ್ತಿದಳು.

ಅಬ್ಬಾ, ಆ ದಿನಗಳು! ಮೊದಲ ದಿನ ರೂಢಿ ತಪ್ಪಿ ಹೊಲಿಗೆ ಸೊಟ್ಟ ಹೋಯಿತು. ವಾರ ಕಳೆಯುವುದರೊಳಗೆ ಕೈಗೆ ಹಳೆಯ ಓಟ ಬಂತು. ಸಿದ್ದೀಕಾ ಮನೆಯ ಬಿರಿಯಾನಿಯನ್ನು ಬೆರಳು ನೆಕ್ಕಿ ತಿಂದಳು. ಕಿಟಕಿ ಪಕ್ಕದ ಸೀಟು ಸಿಕ್ಕರೆ ಸಾಕು, ತನ್ನಷ್ಟಕ್ಕೆ ತಾನು ನಗುತ್ತಿದ್ದಳು. ಮನೆಯಲ್ಲಿ ಪಟ್ಟಲಮ್ಮ ಗೊಣಗಲಿಲ್ಲ, ಬೈಯಲಿಲ್ಲ. ಮುದುಕಿ ಸೋತಳು ಅಂದುಕೊಂಡಳು ವಾಸುಕಿ. ಅಲ್ಲೇ ಅವಳು ಮೋಸ ಹೋದದ್ದು.

ಒಂದು ಶುಕ್ರವಾರ ಕರೆಂಟು ಹೋಗಿ ಅಂಗಡಿ ಬೇಗ ಮುಚ್ಚಿತು. ಮಧ್ಯಾಹ್ನದ ಬಸ್ಸಿಗೇ ಬಂದಳು. ಮನೆ ಮುಂದೆ ಚಪ್ಪಲಿಗಳ ರಾಶಿ, ಹಿತ್ತಲಿಂದ ತಮಟೆ. ಒಳಗೆ ಓಡಿದಳು.

ಮಣೆಯ ಮೇಲೆ ರಂಜಿತ. ಅಂದಿನ ಸ್ಕೂಲು ತಪ್ಪಿಸಿ, ಕೂದಲು ಬಿಚ್ಚಿ, ಮುಖಕ್ಕೆ ಅರಿಶಿನ ಬಳಿದು ಕೂರಿಸಿದ್ದರು. ತುಟಿ ಒಣಗಿತ್ತು. ಕತ್ತು ಅತ್ತ ಇತ್ತ ವಾಲುತ್ತಿತ್ತು. ಸಿದ್ದರಾಜು ಗೋಡೆಗೆ ಒರಗಿ ನೆಲ ನೋಡುತ್ತಾ ನಿಂತಿದ್ದ.

"ನಿಲ್ಸಿ! ಮೊಗಾ ಏನಾರಾ ಉಂಡದಾ?"

"ಉಂಡ್ರೆ ದ್ಯಾವ್ರು ಬಂದದಾ?" ಪಟ್ಟಲಮ್ಮ ತಣ್ಣಗೆ ಅಂದಳು.

"ಮನೇಲಿ ಸೂತಕ ಇಟ್ಕೊಂಡು..."

"ಹೆಸ್ರು ನಿಂದು, ಸೂತಕಾನೂ ನಿಂದೇ ಕಣಮ್ಮ. ನೀನೇ ಅಂದಿದ್ದು. ಮೊಗೀನ ಹೆಸ್ರು ರಂಜಿತ. ಅವಳ್ಗ್ಯಾವ ಸೂತಕ?"

ಚಿಕ್ಕಬೋರಯ್ಯ ತಲೆ ಆಡಿಸಿದ. "ಅದೂ ಸರೀನೆ."

ಮಗಳ ಕೈ ಹಿಡಿದು ಎಳೆದುಕೊಂಡು ಹೋಗಬಹುದಿತ್ತು. ಎಲ್ಲಿಗೆ? ನಾಳೆ ಸ್ಕೂಲು ಬಿಟ್ಟ ಮೇಲೆ ಅವಳು ಬರಬೇಕಾದದ್ದು ಇದೇ ಮನೆಗೆ. ಮದ್ದೂರಲ್ಲಿ ಮಿಷನ್ ತುಳಿಯುತ್ತಾ ಕೂತವಳು ಎಷ್ಟು ಶುಕ್ರವಾರ ಕಾಯಲಾದೀತು? ಗಂಡನ ಕಡೆ ನೋಡಿದಳು. ಅವನು ಇನ್ನೂ ನೆಲವನ್ನೇ ನೋಡುತ್ತಿದ್ದ. ಥೂ, ನಿನ್ನ ಜನ್ಮಕ್ಕೆ ಅಂತ ಮನಸ್ಸಲ್ಲೇ ಉಗಿದಳು.

"ಸೂತಕ ಕಳೀತು," ಅಂದಳು ವಾಸುಕಿ.

"ಅದೆಂಗೆ?" ಚಿಕ್ಕಬೋರಯ್ಯ ಕಣ್ಣರಳಿಸಿದ.

"ಸಿಂಸಾ ಒಳೇಲಿ ಹಾಲುತುಪ್ಪ ಬುಟ್ಟು ಮುಳುಗಿ ಬಂದಿವ್ನಿ."

ಅವಳ ಸೀರೆ ಒಣಗಿತ್ತು, ತಲೆಯೂ ಒಣಗಿತ್ತು. ಯಾರಿಗೂ ಕೇಳುವುದು ಬೇಕಿರಲಿಲ್ಲ. ಪಟ್ಟಲಮ್ಮ ಚೊಂಬಿನ ನೀರು ತಂದು ಸೊಸೆಯ ಸೂಜಿ ಹಿಡಿದ ಕೈಗೆ ಹೊಯ್ದಳು.

ವಾಸುಕಿ ಮಗಳನ್ನು ಮಣೆಯಿಂದ ಎಬ್ಬಿಸಿದಳು. "ಓಗು, ಉಣ್ಣೋಗು" ಅಂತ ಬೆನ್ನು ಸವರಿ ಒಳಗೆ ಕಳಿಸಿದಳು. ತಾನೇ ಜಡೆ ಬಿಚ್ಚಿಕೊಂಡು ಕೂತಳು. ತಮಟೆ ಮತ್ತೆ ಶುರುವಾಯಿತು, ಹೊಗೆ ಮುಖಕ್ಕೆ ಬಂತು. ಹೊಟ್ಟೆ ತುಂಬಿತ್ತು, ತಲೆ ನೆಟ್ಟಗಿತ್ತು, ಏನೂ ತಿರುಗಲಿಲ್ಲ. ಇಷ್ಟು ವರ್ಷ ತಾನಾಗಿ ಬರುತ್ತಿದ್ದದ್ದನ್ನು ಇನ್ನು ತಾನೇ ತರಬೇಕು ಅಂತ ತಿಳಿದು ಅವಳಿಗೆ ಅಳು ಬಂತು. ಅಡಿಗೆ ಮನೆಯಲ್ಲಿ ತಟ್ಟೆಯ ಸದ್ದಾಯಿತು. ಮಗಳು ಉಣ್ಣುತ್ತಿದ್ದಾಳೆ ಅಂತ ಖಾತ್ರಿಯಾದ ಮೇಲೆ ವಾಸುಕಿ ಕಣ್ಣು ಮುಚ್ಚಿ ತೂಗತೊಡಗಿದಳು.