ಕ್ರಿಯಾಪದ ಬರುವ ತನಕ

ನನಗೆ ವಾಕ್ಯಗಳೆಂದರೆ ಭಯ. ಭಾಷಾವಿಜ್ಞಾನ ಓದಿದವಳು ಹೀಗೆ ಹೇಳಬಾರದು, ಆದರೂ ನಿಮ್ಮೆದುರು ಮುಚ್ಚಿಡುವುದೇನು? ಕನ್ನಡದಲ್ಲಿ ಕ್ರಿಯಾಪದ ಬರುವುದು ಕೊನೆಗೆ. ಯಾರಾದರೂ ಫೋನ್ ಮಾಡಿ "ನಿಮ್ಮಪ್ಪಾರು ಮುಂಜಾನೆ ಬನಹಟ್ಟಿ ಬಸ್‌ಸ್ಟ್ಯಾಂಡಿನ್ಯಾಗ..." ಎಂದು ಶುರುಮಾಡಿ ನಡುವೆ ಕೆಮ್ಮಿದರೆ, ಕೆಮ್ಮು ಮುಗಿಯುವಷ್ಟರಲ್ಲಿ ನಾನು ಅಪ್ಪನನ್ನು ಆಸ್ಪತ್ರೆಗೆ ಸೇರಿಸಿ ಅಳುತ್ತಿರುತ್ತೇನೆ. "...ಸಿಕ್ಕಿದ್ರು, ಚಾ ಕುಡದ್ವಿ" ಎಂದು ವಾಕ್ಯ ಮುಗಿಯುತ್ತದೆ.

ನಮ್ಮ ಮನೆತನದಲ್ಲಿ ಕಾಲೇಜು ಮೆಟ್ಟಿಲು ಹತ್ತಿದವಳು ನಾನೇ ಮೊದಲು. ಹೇಳಿಕೊಳ್ಳಲು ನಾಚಿಕೆಯಿಲ್ಲ. ಹತ್ತಿದವಳು ಸುಮ್ಮನಿರದೆ, ಅರಬ್ಬಿಯ ಆಡುಮಾತುಗಳಲ್ಲಿ ಕರ್ತೃ ಇಬ್ಬರಿದ್ದಾಗ ಕ್ರಿಯಾಪದ ಯಾರ ಮಾತು ಕೇಳುತ್ತದೆ ಎಂಬ ಸಂಶೋಧನೆ ಹಿಡಿದು ಕೂತೆ. ನಮ್ಮೂರು ರಬಕವಿಯಲ್ಲಿ ಇದನ್ನು ಕೇಳಿದವರೆಲ್ಲ ನನ್ನ ಹಣೆ ಮುಟ್ಟಿ ನೋಡಿ, "ಆರಾಮ್ ಅದೀಯಲ್ಲ?" ಎನ್ನುತ್ತಿದ್ದರು.

ಈ ಹುಚ್ಚು ಹಿಡಿಸಿದವಳು ಪಕ್ಕದ ಮನೆಯ ಮಹಬೂಬಿ ಅಕ್ಕ. ಮಸ್ಕತ್ತಿನ ಒಂದು ಮನೆಯಲ್ಲಿ ಅಡುಗೆ ಮಾಡಿಕೊಂಡಿದ್ದು ಬಂದವಳು. ಆ ಮನೆಯವರು ಈಗಲೂ ಅವಳಿಗೆ ಫೋನಿನಲ್ಲಿ ಮಾತು ರೆಕಾರ್ಡ್ ಮಾಡಿ ಕಳಿಸುತ್ತಾರೆ. ಅವರ ಒಪ್ಪಿಗೆ ಪಡೆದು ನಾನು ಕಿವಿಗೊಟ್ಟದ್ದು ಆ ಮಾತುಗಳಿಗೇ. ನಾವು "ಹಮದ್, ಮರಿಯಮ್ ಬಂದರು" ಎಂದು ಇಬ್ಬರಿಗೂ ಸಮನಾಗಿ ಬಡಿಸುತ್ತೇವೆ. ಅವರ ಅರಬ್ಬಿಯಲ್ಲಿ ಕ್ರಿಯಾಪದ ಮುಂದೆ ಬಂದರೆ "ಬಂದ ಹಮದ್, ಮರಿಯಮ್" ಎನ್ನುವುದುಂಟು. ಅದು ಹತ್ತಿರ ನಿಂತವನ ಕೈಯಷ್ಟೇ ಹಿಡಿಯುತ್ತದೆ. ಮರಿಯಮ್ ಹೆಸರು ಮೊದಲಿದ್ದರೆ "ಬಂದಳು" ಆಗುತ್ತದೆ. "ಅದಕ್ಕ ನಮ್ಮ ಮಾಲಕಿನ್ ತನ್ನ ಹೆಸರ ಮದ್ಲ ಹೇಳ್ತಿದ್ಲವಾ," ಎಂದು ಮಹಬೂಬಿ ಅಕ್ಕ ನಗುತ್ತಿದ್ದಳು.

ಮೌಖಿಕ ಪರೀಕ್ಷೆಯ ದಿನ ನನಗೆ ನಗು ಬರಲಿಲ್ಲ. ವರ್ಷಗಟ್ಟಲೆ ಓದಿದ್ದು ಅವತ್ತು ಉಳಿಯಬೇಕು ಇಲ್ಲವೇ ಹೋಗಬೇಕು. ನಾನು ಬಸ್ಸು ಹತ್ತುವಾಗ ಅವ್ವ ಹೇಳಿದ್ದಳು, "ಮುಗದ ಕೂಡ್ಲೇ ಫೋನ್ ಮಾಡು. ನನಗ ಎದಿ ಢವಢವ ಅಂತೈತಿ." ಅವಳು ಪಾವರ್‌ಲೂಮ್ ಶೆಡ್ಡಿನಲ್ಲಿ ನೇಯುತ್ತಾಳೆ. ಫೋನ್ ಬಂದರೂ ಮಗ್ಗ ನಿಲ್ಲಿಸುವವಳಲ್ಲ.

ಹೊರಗಿನಿಂದ ಬಂದಿದ್ದ ಪರೀಕ್ಷಕರು ಕನ್ನಡಕ ಒರೆಸುತ್ತ ಕೇಳಿದರು: "ಕ್ರಿಯಾಪದ ಮುಂದಿಟ್ಟು ಮಾತಾಡುವುದು ಹೇಗಿರುತ್ತದೆಂದು ಕನ್ನಡದವರಾದ ನಿಮಗೆ ಹೇಗೆ ತಿಳಿಯಬೇಕು? ಎಲ್ಲಿ ಕೇಳಿದ್ದೀರಿ?" ಓದಿದ ಪುಸ್ತಕವೆಲ್ಲ ತಲೆಯಿಂದ ಇಳಿದುಹೋಯಿತು. ಹೆದರಿಕೆಯಲ್ಲಿ ಬಾಯಿಗೆ ಬಂದದ್ದು ಮನೆಯ ಮಾತು.

"ಶೆಡ್ಡಿನ್ಯಾಗ ರೀ ಸರ್. ಮಗ್ಗದ ಸಪ್ಪಳದಾಗ ಪೂರಾ ಮಾತು ಯಾರಿಗೂ ಕೇಳಂಗಿಲ್ಲ. 'ಹರೀತು' ಅಂತ ಮದ್ಲ ಒದರ್ತಾರ. ಏನ್ ಹರೀತು, ನೂಲೋ ಬೆಲ್ಟೋ, ಯಾರದ್ ಹರೀತು, ಅದೆಲ್ಲಾ ಆಮ್ಯಾಲೆ."

ನನ್ನನ್ನು ಹೊರಗೆ ಕೂರಿಸಿದರು. ಹರಿದದ್ದು ನನ್ನದೇ ಎಂದುಕೊಂಡೆ. ಮತ್ತೆ ಕರೆದಾಗ ಅಧ್ಯಕ್ಷರು ಎದ್ದು ನಿಂತು ಆರಂಭಿಸಿದರು: "ತಮ್ಮ ಪ್ರಬಂಧವನ್ನು ಕೂಲಂಕಷವಾಗಿ ಪರಿಶೀಲಿಸಿದ ಈ ಸಮಿತಿಯು, ಅದರಲ್ಲಿರುವ ಕೆಲವು ಕೊರತೆಗಳನ್ನು ಗಮನಕ್ಕೆ ತಂದುಕೊಂಡು..." ಇಲ್ಲಿ ನೀರು ಕುಡಿದರು. ಲೋಟ ಕೆಳಗಿಡುವಷ್ಟರಲ್ಲಿ ನಾನು ಊರಿಗೆ ಮರಳಿ, ಮುಖ ಮರೆಸಿಕೊಂಡು ಓಣಿ ದಾಟಿದ್ದೆ. "...ಪದವಿಗೆ ಶಿಫಾರಸು ಮಾಡಿದೆ."

ಕಾರಿಡಾರಿನಲ್ಲಿ ನಿಂತು ಅವ್ವನಿಗೆ ಫೋನ್ ಹಚ್ಚಿದೆ. ಆ ಕಡೆಯಿಂದ ಬರೀ ಖಟಪಟ. ಅದರ ನಡುವೆ ಅವಳ ದನಿ: "ಏನಾತು? ಜೋರ್ ಹೇಳು." ಅಧ್ಯಕ್ಷರ ಹಾಗೆ ಅವಳನ್ನು ಕಾಯಿಸುವ ಮನಸ್ಸಾಗಲಿಲ್ಲ.

"ಪಾಸಾದ್ನಿ ಬೇ," ಎಂದು ಒದರಿದೆ, "ನಾನು, ನೀನು, ಮಹಬೂಬಿ ಅಕ್ಕ."

ಹಿಂದಿನ ಹೆಸರುಗಳು ಅವಳಿಗೆ ಕೇಳಿಸಿದವೋ ಇಲ್ಲವೋ. ಆ ಕಡೆ ಮಗ್ಗ ನಿಂತದ್ದು ಮಾತ್ರ ನನಗೆ ಕೇಳಿಸಿತು.